ಊರು ಕೊಂಡ ಮನೆ

ಹಳೆಯ ಕಟ್ಟಡವೊಂದರ ಮುಂದೆ ನಿಂತಾಗ ಅದನ್ನು ಕಟ್ಟಿಸಿದವರಾರು, ಯಾವ ಕಾಲದ್ದು ಎಂದು ಕೇಳುವುದು ನಮಗೆಲ್ಲ ರೂಢಿ. ಈಗ ಅದರ ಒಡೆಯರು ಯಾರು ಎಂದು ಕೇಳುವವರು ಕಡಿಮೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗರನ್ನು ಊರ ಹೊರಗಿನ ಒಂದು ವೀರಗಲ್ಲನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಕಲ್ಲಿನ ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು. ಅದನ್ನು ಸ್ವಲ್ಪ ಸರಿಸಿರಪ್ಪಾ ಎಂದೆ. ಒಬ್ಬ ಹುಡುಗ, "ಈ ಕಲ್ಲು ಯಾರದು ಸಾರ್?" ಎಂದ. "ಊರಿನದು" ಎಂದೆ. "ಊರಿನದು ಅಂದ್ರೆ ಯಾರದು ಸಾರ್?" ಎಂದು ಮತ್ತೆ ಕೇಳಿದ. ಛಂದಸ್ಸಿನಲ್ಲಿ, ಅಲಂಕಾರದಲ್ಲಿ ಏನು ಕೇಳಿದರೂ ಥಟ್ಟನೆ ಉತ್ತರ ಹೇಳುವ ನಾನು ಅಲ್ಲಿ ತಡವರಿಸಿದೆ.

ಇದೇ ಪ್ರಶ್ನೆ ಅಮೆರಿಕ ಸಂಯುಕ್ತ ಸಂಸ್ಥಾನದ ಫಿಲಡೆಲ್ಫಿಯಾ ಪಟ್ಟಣಕ್ಕೆ ೧೮೧೬ರಲ್ಲಿ ಎದುರಾಯಿತು. ಆ ಊರಿನವರು ೭೦,೦೦೦ ಡಾಲರು ಎಣಿಸಿ ಕೊಟ್ಟು ಅದಕ್ಕೆ ಉತ್ತರ ಹೇಳಿದರು. ಆ ಕಥೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದರಲ್ಲಿ ಮೆಚ್ಚತಕ್ಕದ್ದೂ ಇದೆ, ನಗೆ ಬರಿಸುವುದೂ ಇದೆ, ತಲೆ ತಗ್ಗಿಸುವಂಥದ್ದೂ ಇದೆ.

ಪೆನ್ಸಿಲ್ವೇನಿಯ ಆಗ ಇಂಗ್ಲೆಂಡಿನ ವಸಾಹತು. ಅದರ ಶಾಸನಸಭೆಗೆ ಸ್ವಂತ ಮನೆಯಿರಲಿಲ್ಲ. ೧೭೩೨ರಲ್ಲಿ ಫಿಲಡೆಲ್ಫಿಯಾದ ಚೆಸ್ಟ್‌ನಟ್ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಎರಡಂತಸ್ತಿನ ಕಟ್ಟಡವೊಂದಕ್ಕೆ ಕೈಹಾಕಿದರು. ಎಡ್ಮಂಡ್ ವೂಲಿ ಎಂಬ ಬಡಗಿ ಮೇಸ್ತ್ರಿ ಅದನ್ನು ಕಟ್ಟಿದವನು. ಕೆಲಸ ಕುಂಟುತ್ತ ಸಾಗಿತು. ಮನೆ ಪೂರ್ತಿಯಾಗುವ ಮೊದಲೇ ಸಭಿಕರು ಒಳಗೆ ಬಂದು ಕುಳಿತರು. ಗೋಪುರವನ್ನು ಕಟ್ಟಿದ್ದು ೧೭೫೦ರ ಅನಂತರ. ಆ ಗೋಪುರಕ್ಕೆಂದು ಲಂಡನ್ನಿನಿಂದ ಒಂದು ಘಂಟೆಯನ್ನು ತರಿಸಿದರು. ೧೭೫೨ರಲ್ಲಿ ಬಂದ ಘಂಟೆ ಪರೀಕ್ಷೆಗೆಂದು ಬಾರಿಸಿದಾಗಲೇ ಬಿರುಕುಬಿಟ್ಟಿತು. ಊರಿನವರೇ ಆದ ಪಾಸ್ ಮತ್ತು ಸ್ಟೋ ಎಂಬ ಇಬ್ಬರು ಅದನ್ನು ಕರಗಿಸಿ ಮರಳಿ ಎರಕ ಹೊಯ್ದರು. ಈ ಘಂಟೆಯನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಇದು ರಾಜ್ಯದ ಸಭಾಮಂದಿರವೆಂದಷ್ಟೇ ಹೆಸರು ಪಡೆದಿದ್ದ ಸಾಧಾರಣ ಸರ್ಕಾರೀ ಕಟ್ಟಡ. ಅದರ ಕೆಳಗಿನ ಅಂತಸ್ತಿನ ಒಂದು ಕೊಠಡಿಯಲ್ಲಿ ೧೭೭೫ರ ಜೂನ್ ತಿಂಗಳಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ಸೇನಾಧಿಪತ್ಯ ಕೊಟ್ಟರು. ೧೭೭೬ನೆಯ ಜುಲೈ ೪ರಂದು ಸ್ವಾತಂತ್ರ್ಯದ ಘೋಷಣೆಯನ್ನು ಅಂಗೀಕರಿಸಿದ್ದೂ ಅಲ್ಲಿಯೇ. ೧೭೮೭ರ ಬೇಸಿಗೆಯಲ್ಲಿ ಸಂವಿಧಾನವನ್ನು ರಚಿಸಲು ಸೇರಿದ ಸಭೆಯೂ ಅದೇ ಕೊಠಡಿಯಲ್ಲಿ ನಡೆಯಿತು. ಸಭೆ ಮುಗಿದ ದಿನ ೮೧ ವರ್ಷದ ಬೆಂಜಮಿನ್ ಫ್ರಾಂಕ್ಲಿನ್, ವಾಷಿಂಗ್ಟನ್ ಕುಳಿತಿದ್ದ ಕುರ್ಚಿಯ ಬೆನ್ನಿನ ಕಡೆ ಕೈತೋರಿಸಿ, ಅಲ್ಲಿರುವ ಅರ್ಧ ಸೂರ್ಯ ಮೂಡುವವನೋ ಮುಳುಗುವವನೋ ಎಂದು ಇಷ್ಟು ದಿನವೂ ತಿಳಿಯದೆ ಇದ್ದೆ, ಈಗ ಮೂಡುವವನೆಂದು ತಿಳಿಯಿತು ಎಂಬರ್ಥದ ಮಾತು ಹೇಳಿದನಂತೆ.

ಇಂಥ ಮನೆಯನ್ನು ಜನ ಅಂದಿನಿಂದಲೇ ಕಣ್ಣಿಗೊತ್ತಿಕೊಂಡರು ಎಂದು ನೀವು ಊಹಿಸಬಹುದು. ಹಾಗಾಗಲಿಲ್ಲ. ೧೭೮೧ರಲ್ಲಿಯೇ ಗೋಪುರದ ಮೇಲಿನ ಮರದ ಶಿಖರ ಲಡ್ಡಾಗಿ ಅದನ್ನು ಇಳಿಸಿದ್ದರು. ೧೭೯೯ರಲ್ಲಿ ರಾಜ್ಯದ ರಾಜಧಾನಿ ಲ್ಯಾಂಕಾಸ್ಟರಿಗೆ ಹೋಯಿತು, ೧೮೧೨ರಲ್ಲಿ ಅಲ್ಲಿಂದ ಹ್ಯಾರಿಸ್‌ಬರ್ಗಿಗೆ. ಇತ್ತ ಖಾಲಿಯಾದ ಮನೆಯ ಮೇಲಂತಸ್ತಿನಲ್ಲಿ ೧೮೦೨ರಿಂದ ಚಾರ್ಲ್ಸ್ ವಿಲ್ಸನ್ ಪೀಲ್ ಎಂಬ ಚಿತ್ರಕಾರ ತನ್ನ ವಸ್ತುಸಂಗ್ರಹಾಲಯವನ್ನು ತೆರೆದ. ಒಣಹುಲ್ಲು ತುಂಬಿದ ಹಕ್ಕಿಗಳ ಮೇಲೆ ಸ್ವಾತಂತ್ರ್ಯವೀರರ ಚಿತ್ರಪಟಗಳನ್ನು ಸಾಲಾಗಿ ತೂಗುಹಾಕಿದ. ಕೆಳಗೆ ನ್ಯಾಯಾಲಯ ನಡೆಯುತ್ತಿತ್ತು. ಕಟ್ಟಡದ ಎರಡು ಪಕ್ಕಗಳಲ್ಲಿದ್ದ ಹಳೆಯ ಮೊಗಸಾಲೆಗಳನ್ನು ಕೆಡವಿ ಅಲ್ಲಿ ಕಛೇರಿಗಳ ಸಾಲನ್ನು ಕಟ್ಟಿದರು.

ಹ್ಯಾರಿಸ್‌ಬರ್ಗಿನಲ್ಲಿ ಹೊಸ ಶಾಸನಭವನ ಕಟ್ಟಬೇಕು. ಅದಕ್ಕೆ ಹಣ ಬೇಕು. ಫಿಲಡೆಲ್ಫಿಯಾದ ಹಳೆಯ ಮನೆ ಸುಮ್ಮನೆ ಬಿದ್ದಿದೆಯಲ್ಲ ಎಂಬ ಯೋಚನೆ ರಾಜ್ಯದವರಿಗೆ ಬಂತು. ೧೮೧೬ರಲ್ಲಿ ಶಾಸನವೇ ಆಯಿತು: ಹಿಂದಿನ ಬಯಲಿನ ನಡುವೆ ಬೀದಿ ತೆಗೆದು, ಜಾಗವನ್ನು ನಿವೇಶನಗಳಾಗಿ ವಿಂಗಡಿಸಿ ಮಾರತಕ್ಕದ್ದು. ಕೊಂಡವನು ಹಳೆಯ ಗೋಡೆಗಳನ್ನು ಉಳಿಸಬೇಕಾದ ಕಾರಣವೇನೂ ಇರಲಿಲ್ಲ. ಆದರೆ ಫಿಲಡೆಲ್ಫಿಯಾ ನಗರವೇ ಬೇಕೆಂದರೆ ೭೦,೦೦೦ ಡಾಲರಿಗೆ ಒಟ್ಟಾರೆ ತೆಗೆದುಕೊಳ್ಳಬಹುದೆಂದು ಒಂದು ಅವಕಾಶವನ್ನು ಇಟ್ಟಿದ್ದರು. ನಗರಸಭೆ ಒಪ್ಪಿತು. ಹಣ ಸಂದಾಯವಾಗಿ ೧೮೧೮ರಲ್ಲಿ ಕ್ರಯಪತ್ರವಾಯಿತು. ಮನೆ, ಗಡಿಯಾರ, ಘಂಟೆ, ಬಯಲು ಎಲ್ಲವೂ ಊರಿನ ಸ್ವತ್ತಾದವು.

ಆ ನಗರಸಭೆಯವರನ್ನು ಈಗ ಬಹಳ ಹೊಗಳುತ್ತಾರೆ. ಹೊಗಳಲಿ. ಆದರೆ ಕೊಳ್ಳುವಾಗ ಅವರ ಮನಸ್ಸಿನಲ್ಲಿ ೧೭೭೬ರ ನೆನಪಿನ ಜೊತೆಗೆ ಆ ಬಯಲೂ ಇತ್ತು. ಒತ್ತೊತ್ತಾಗಿ ಮನೆ ಬೆಳೆಯುತ್ತಿದ್ದ ಊರಿನಲ್ಲಿ ಜನ ಗಾಳಿಗೆ ಅಡ್ಡಾಡಲು ಅದು ಬೇಕಾಗಿತ್ತು. ಉಳಿಸಿಕೊಳ್ಳಲು ಅದೂ ಒಂದು ಕಾರಣವೇ. ಆ ಬಯಲಿನಲ್ಲಿ ಇಂದಿಗೂ ಮನೆಯೆದ್ದಿಲ್ಲ.

ಇಲ್ಲಿ ಒಂದು ಪಂಡಿತಮಾತನ್ನು ಮನ್ನಿಸಬೇಕು. ಕನ್ನಡದಲ್ಲಿ 'ಒಡೆ' ಎಂಬ ಒಂದೇ ರೂಪದಲ್ಲಿ ಎರಡು ಮಾತುಗಳಿವೆ. ಒಂದರಿಂದ 'ಒಡೆಯ', 'ಒಡೆತನ' ಹುಟ್ಟಿದವು. ಇನ್ನೊಂದಕ್ಕೆ ಚೂರುಮಾಡುವುದೆಂದು ಅರ್ಥ. ಫಿಲಡೆಲ್ಫಿಯಾದಲ್ಲಿ ಕೆಲವು ಕಾಲ ಇವೆರಡೂ ಒಟ್ಟಿಗೆ ನಡೆದವು. ಕ್ರಯದ ಮಾತು ನಡೆದ ೧೮೧೬ರಲ್ಲಿಯೇ, ಸ್ವಾತಂತ್ರ್ಯ ಘೋಷಣೆಯಾದ ಆ ಕೊಠಡಿಯ ಗೋಡೆಗಳಿಗೆ ಹೊದಿಸಿದ್ದ ಮರದ ಹಲಗೆಗಳನ್ನು, ಹಳೆಯವಾದವೆಂದು, ಜಿಲ್ಲೆಯ ಅಧಿಕಾರಿಗಳು ಕಿತ್ತುಹಾಕಿಸಿದರು. ಕೊಂಡವರ ಕೈಗೆ ಬಂದದ್ದು ಬೋಳು ಕೊಠಡಿ.

ಮುಂದೆ ೧೮೨೪ರಲ್ಲಿ ಫ್ರಾನ್ಸಿನ ಲಾಫಯೆಟ್ ಅಮೆರಿಕಕ್ಕೆ ಬಂದ. ಸ್ವಾತಂತ್ರ್ಯಯುದ್ಧದಲ್ಲಿ ತರುಣನಾಗಿ ಅಮೆರಿಕನ್ನರ ಪರ ಹೋರಾಡಿದವನು, ಈಗ ಮುದುಕ. ಅವನನ್ನು ಎಲ್ಲಿ ಬರಮಾಡಿಕೊಳ್ಳುವುದು ಎಂದು ಊರಿನವರು ಯೋಚಿಸಿದಾಗ ಈ ಕೊಠಡಿ ಜ್ಞಾಪಕಕ್ಕೆ ಬಂತು! ಅದನ್ನು ಗುಡಿಸಿ ಸಾರಿಸಿ ಅಲಂಕರಿಸಿ ಅತಿಥಿಯನ್ನು ಕರೆದುಕೊಂಡು ಬಂದರು. ನೆಂಟರು ಬರುತ್ತಾರೆಂದಾಗ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಕೆಳಗಿಳಿಯುವುದನ್ನು ನಾವು ನಮ್ಮ ನಮ್ಮ ಮನೆಗಳಲ್ಲಿಯೇ ಕಂಡಿದ್ದೇವಷ್ಟೆ. ಹಾಗೆ ಇಳಿದ ಪಾತ್ರೆ ಆಮೇಲೆ ಅಟ್ಟ ಹತ್ತಲಿಲ್ಲ. ೧೮೨೮ರಲ್ಲಿ ಸ್ಟ್ರಿಕ್‌ಲೆಂಡ್ ಎಂಬ ಶಿಲ್ಪಿಯಿಂದ ಶಿಖರವನ್ನು ಮತ್ತೆ ಕಟ್ಟಿಸಿದರು. ಸ್ವಲ್ಪ ಕಾಲಕ್ಕೆ ಹಲಗೆಯ ಹೊದಿಕೆಯನ್ನೂ ಮರಳಿ ಮಾಡಿಸಿದರು.

ಹೊಸ ಶಿಖರಕ್ಕೆ ಹೊಸ ಘಂಟೆ ಬೇಡವೇ? ಜಾನ್ ವಿಲ್‌ಬ್ಯಾಂಕ್ ಎಂಬ ಎರಕದವನಿಗೆ ಅದನ್ನು ಒಪ್ಪಿಸಿದರು. ಹಳೆಯ ಘಂಟೆಯನ್ನು ೪೦೦ ಡಾಲರಿನ ಲೆಕ್ಕಕ್ಕೆ ಅವನೇ ಹೊತ್ತುಕೊಂಡು ಹೋಗತಕ್ಕದ್ದೆಂದು ಕರಾರು. ನಾನು ನೆನಪಿನಲ್ಲಿಡಿ ಎಂದಿದ್ದ ಘಂಟೆ ಅದೇ. ಒಂದು ಟನ್ನಿನಷ್ಟು ತೂಕದ ಅದನ್ನು ಇಳಿಸಿ ಸಾಗಿಸುವ ಕೂಲಿ ಲೋಹದ ಬೆಲೆಗಿಂತ ಹೆಚ್ಚಾಗುವುದೆಂದು ಕಂಡು ವಿಲ್‌ಬ್ಯಾಂಕ್ ಅದನ್ನು ಅಲ್ಲಿಯೇ ಬಿಟ್ಟುಹೋದ. ಘಂಟೆಯನ್ನು ಒಯ್ಯಲಿಲ್ಲವೆಂದು ನಗರ ಅವನ ಮೇಲೆ ಫಿರ್ಯಾದು ಹೂಡಿತು! ವ್ಯಾಜ್ಯ ರಾಜಿಯಲ್ಲಿ ಮುಗಿದು ಘಂಟೆ ಊರಿನಲ್ಲಿಯೇ ಉಳಿಯಿತು. ಇಂದು ಲೋಕವೆಲ್ಲ ಹೆಸರು ಕೇಳಿರುವ ಸ್ವಾತಂತ್ರ್ಯದ ಘಂಟೆಯನ್ನು ಅದರ ಒಡೆಯರು ಗುಜರಿಗೆ ಹಾಕದೆ ಹೋದದ್ದು ಗಾಡಿಬಾಡಿಗೆಯ ದೆಸೆಯಿಂದ.

ಆ ಹೆಸರನ್ನು ಕೊಟ್ಟವರು ನಗರಸಭೆಯವರಲ್ಲ. ಗುಲಾಮಗಿರಿಯನ್ನು ಕಿತ್ತೊಗೆಯಬೇಕೆಂದು ಹೋರಾಡುತ್ತಿದ್ದವರು ೧೮೩೦ರ ದಶಕದಲ್ಲಿ ಅದನ್ನು ಹಾಗೆ ಕರೆದರು. ಘಂಟೆಯ ಮೇಲೆ ಬಿಡುಗಡೆಯನ್ನು ಸಾರುವ ಬೈಬಲಿನ ಮಾತೊಂದನ್ನು ಕೆತ್ತಿದೆ. ಅದು ಎಲ್ಲರಿಗೂ ಸಲ್ಲುವುದಾದರೆ ಕರಿಯ ಜನರಿಗೆ ಏಕೆ ಸಲ್ಲದು ಎಂಬುದು ಅವರ ವಾದ. ಘಂಟೆಯ ಬಿರುಕು ೧೮೪೬ರಲ್ಲಿ, ವಾಷಿಂಗ್ಟನ್ನನ ಹುಟ್ಟಿದ ಹಬ್ಬಕ್ಕೆ ಬಾರಿಸುವಾಗ, ಇನ್ನು ಬಾರಿಸಲಾಗದಷ್ಟು ದೊಡ್ಡದಾಯಿತು.

ಈ ಕಥೆಯಲ್ಲಿ ತಲೆ ತಗ್ಗಿಸುವ ಭಾಗವೆಂದೆನಲ್ಲ, ಅದು ಇಲ್ಲಿದೆ. ೧೮೫೦ರಲ್ಲಿ ಓಡಿಬಂದ ಗುಲಾಮರನ್ನು ಹಿಡಿದು ಯಜಮಾನರಿಗೆ ಒಪ್ಪಿಸಬೇಕೆಂಬ ಶಾಸನ ಬಂತು. ಆಗ ಈ ಮನೆಯ ಮೇಲಂತಸ್ತಿನಲ್ಲಿ ಒಕ್ಕೂಟದ ನ್ಯಾಯಾಲಯ ಬಾಡಿಗೆಗೆ ಇತ್ತು. ತಪ್ಪಿಸಿಕೊಂಡು ಬಂದ ಗಂಡಸರನ್ನೂ ಹೆಂಗಸರನ್ನೂ ಅಲ್ಲಿಗೆ ಹತ್ತಿಸಿ ವಿಚಾರಣೆ ನಡೆಸುತ್ತಿದ್ದರು. ಮನುಷ್ಯರೆಲ್ಲರೂ ಸಮಾನರೆಂದು ಒಪ್ಪಿಕೊಂಡ ಕೊಠಡಿ ಕೆಳಗೆ. ಮೇಲೆ ಈ ವಿಚಾರಣೆ. ಬಾಡಿಗೆಯ ಹಣ ಮನೆಯ ಒಡೆಯನಾದ ಊರಿಗೆ. ಕ್ರಯಪತ್ರದಲ್ಲಿ ಗೋಡೆ, ಮಾಡು, ನೆಲಗಳ ಮೇರೆ ಬರೆದಿರುತ್ತದೆ. ಆ ಗೋಡೆಗಳೊಳಗೆ ಏನು ನಡೆಯಬಾರದು ಎಂಬುದನ್ನು ಅದರಲ್ಲಿ ಯಾರೂ ಬರೆದಿರಲಿಲ್ಲ.

೧೮೫೪ರಿಂದ ನಾಲ್ಕು ದಶಕ ಮೇಲಂತಸ್ತಿನಲ್ಲಿ ನಗರಸಭೆಯೇ ನಡೆಯಿತು. ಅದೇ ವರ್ಷ ಪೀಲ್‌ನ ಸಂಗ್ರಹ ಹರಾಜಿಗೆ ಬಂದಾಗ ನಗರ ಅದರಿಂದ ಹಲವು ಚಿತ್ರಪಟಗಳನ್ನು ಕೊಂಡು ಕೆಳಗಿನ ಕೊಠಡಿಯಲ್ಲಿ ತೂಗಿಸಿ, ಜನರಿಗೆ ಬಾಗಿಲು ತೆರೆಯಿತು. ೧೮೬೫ರ ಏಪ್ರಿಲ್‌ನಲ್ಲಿ ಕೊಲೆಗೀಡಾದ ಲಿಂಕನ್ನನ ದೇಹವನ್ನು ಆ ಕೊಠಡಿಯಲ್ಲಿ ದರ್ಶನಕ್ಕೆ ಇಟ್ಟಿದ್ದರು. ರಾಜಧಾನಿಯೊಡನೆ ಹೊರಟುಹೋಗಿದ್ದ ಸೂರ್ಯನ ಕುರ್ಚಿಯೂ ಆ ಶತಮಾನದ ಉತ್ತರಾರ್ಧದಲ್ಲಿ ಹ್ಯಾರಿಸ್‌ಬರ್ಗಿನಿಂದ ಮರಳಿ ಬಂತು. ಘಂಟೆಯನ್ನು ಮಾತ್ರ ಸುಮ್ಮನೆ ಇರಗೊಡಲಿಲ್ಲ. ೧೮೮೫ರಿಂದ ೧೯೧೫ರವರೆಗೆ ಏಳು ಬಾರಿ ರೈಲಿನ ಮೇಲೇರಿಸಿ ಪ್ರದರ್ಶನಗಳಿಗೆ ಕಳುಹಿಸಿದರು. ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿಬಂತು. ಜ್ಞಾಪಕಾರ್ಥವೆಂದು ಅದರ ಅಂಚಿನ ಚೂರುಗಳನ್ನು ಒಡೆದುಕೊಂಡವರೂ ಇದ್ದರು.

೧೮೯೮ರಲ್ಲಿ ಕಛೇರಿಗಳ ಸಾಲನ್ನು ತೆಗೆದು ಹಳೆಯ ಮೊಗಸಾಲೆಗಳನ್ನು ಮತ್ತೆ ಎಬ್ಬಿಸಿದರು. ಆ ದುರಸ್ತಿಯಲ್ಲಿ ಊಹೆಯೂ ಬೆರೆತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಪ್ಲಾಸ್ಟರು ಕೆರೆದು, ಮೊಳೆಯ ಗುರುತು ಹುಡುಕಿ, ಹಳೆಯ ಲೆಕ್ಕಪತ್ರ ನೋಡಿ ಅದನ್ನು ತಿದ್ದಿದರು. ಈ ಕೆಲಸ ಒಂದು ಪುರಸಭೆಯ ಶಕ್ತಿಗೆ ಮೀರಿದ್ದು. ೧೯೪೮ರಲ್ಲಿ ಅಮೆರಿಕದ ಕಾಂಗ್ರೆಸ್ಸು ಒಂದು ಶಾಸನ ಮಾಡಿ ಆ ಪ್ರದೇಶವನ್ನು ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಗಿಸಿತು. ೧೯೫೦ರಲ್ಲಿ ಕರಾರಾಗಿ, ೧೯೫೧ರಿಂದ ಉಸ್ತುವಾರಿ ಒಕ್ಕೂಟ ಸರ್ಕಾರದ ರಾಷ್ಟ್ರೀಯ ಉದ್ಯಾನ ಇಲಾಖೆಯದಾಯಿತು. ೧೯೭೯ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟಾದರೂ ಮನೆಯ ಮತ್ತು ಘಂಟೆಯ ಒಡೆತನವನ್ನು ನಗರ ಬಿಟ್ಟುಕೊಡಲಿಲ್ಲ. ೧೮೧೮ರ ಕ್ರಯ ಇನ್ನೂ ಊರ್ಜಿತ.

ನಮ್ಮಲ್ಲಿ ೧೯೫೮ರ ಕೇಂದ್ರ ಶಾಸನವೂ ೧೯೬೧ರ ರಾಜ್ಯ ಶಾಸನವೂ ಸಂರಕ್ಷಿತವೆಂದು ಸಾರಿದ ಸ್ಮಾರಕಗಳಿಗೆ ಕಾವಲಾಗಿವೆ. ಪಟ್ಟಿಗೆ ಸೇರದ ಚಾವಡಿ, ಮಂಟಪ, ಬಟ್ಟೆ ಒಣಗುವ ಕಲ್ಲು ಇವುಗಳ ಪಾಡು ಆಯಾ ಊರಿನವರ ಕೈಯಲ್ಲಿದೆ. ಆ ಹುಡುಗನಿಗೆ ಆಮೇಲೆ ಒಂದು ದಿನ ಇಷ್ಟನ್ನು ಹೇಳಿದೆ. "ಹಾಗಾದ್ರೆ ನಮ್ಮದೇ ಆಯ್ತಲ್ಲ ಸಾರ್" ಎಂದ. ಆಯಿತು ಎಂದೆ. ಮಾರನೆಯ ವಾರ ಹೋಗಿ ನೋಡಿದರೆ ಕಲ್ಲಿನ ಮೇಲೆ ಬಟ್ಟೆಯಿತ್ತು, ಕಲ್ಲಿನ ಬುಡದ ಮುಳ್ಳನ್ನು ಮಾತ್ರ ಯಾರೋ ಸವರಿದ್ದರು.

ಊರು ಕೊಳ್ಳದೆ ಬಿಟ್ಟ ಮನೆಗಳೂ ಫಿಲಡೆಲ್ಫಿಯಾದಲ್ಲಿದ್ದವು. ಜೆಫರ್‌ಸನ್ ಸ್ವಾತಂತ್ರ್ಯ ಘೋಷಣೆಯನ್ನು ಬರೆದದ್ದು ಒಬ್ಬ ಗೃಹಸ್ಥನ ಮನೆಯ ಬಾಡಿಗೆ ಕೋಣೆಗಳಲ್ಲಿ. ಆ ಮನೆಯನ್ನು ೧೮೮೩ರಲ್ಲಿ ಕೆಡವಿದರು. ಈಗಿರುವುದು ೧೯೭೫ರಲ್ಲಿ ಹೊಸದಾಗಿ ಕಟ್ಟಿದ ಪ್ರತಿರೂಪ. ವಾಷಿಂಗ್ಟನ್ ಅಧ್ಯಕ್ಷನಾಗಿ ವಾಸಿಸಿದ ಮನೆ ೧೮೩೨ರಲ್ಲಿ ನೆಲಸಮವಾಯಿತು. ಫ್ರಾಂಕ್ಲಿನ್ನನ ಸ್ವಂತ ಮನೆಯನ್ನು, ಮಾರಾಟದ ಶಾಸನಕ್ಕೆ ನಾಲ್ಕು ವರ್ಷ ಮೊದಲು, ೧೮೧೨ರಲ್ಲಿ, ಅವನ ವಾರಸುದಾರರೇ ಕೆಡವಿಸಿ ಬಾಡಿಗೆಮನೆಗಳನ್ನು ಕಟ್ಟಿಸಿದರು. ೧೯೭೬ರಲ್ಲಿ ಅದನ್ನು ಮತ್ತೆ ಕಟ್ಟೋಣವೆಂದರೆ ಅದು ಹೊರಗಿನಿಂದ ಹೇಗೆ ಕಾಣುತ್ತಿತ್ತೆಂದು ಹೇಳುವಷ್ಟು ಆಧಾರ ಸಿಕ್ಕಲಿಲ್ಲ. ಆದ್ದರಿಂದ ಆ ಜಾಗದಲ್ಲಿ ಗೋಡೆಯಿಲ್ಲದ, ಮಾಡಿಲ್ಲದ, ಮನೆಯ ಆಕಾರದ ಬರಿಯ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿದ್ದಾರೆ. ಅದರ ಕೆಳಗೆ ಅಲ್ಲಲ್ಲಿ ಕಿಂಡಿಗಳಿವೆ. ಬಗ್ಗಿ ನೋಡಿದರೆ ಹಳೆಯ ಅಡಿಪಾಯ ಕಾಣುತ್ತದೆ.