ಬಾಯಿಲೆಕ್ಕ: ಕಡೂರು ಸೀಮೆಯಲ್ಲಿ ಕೂಡುವ, ಕಳೆಯುವ ಲೆಕ್ಕಗಳು

ಸ್ಲೇಟು, ಕಾಗದ, ಯಂತ್ರ ಯಾವುದನ್ನೂ ಮುಟ್ಟದೆ ಮನಸ್ಸಿನಲ್ಲೇ ಕೂಡಿ ಕಳೆದು ಉತ್ತರ ಹೇಳುವುದು ಬಾಯಿಲೆಕ್ಕ. ಕಡೂರು, ತರೀಕೆರೆ, ಅಜ್ಜಂಪುರದ ರಾಗಿ ಕಣಗಳಲ್ಲೂ ತೆಂಗು, ಅಡಿಕೆ, ಈರುಳ್ಳಿ ವ್ಯಾಪಾರದಲ್ಲೂ ಹಳೆ ಮೈಸೂರಿನ ಉಳಿದ ಕಡೆಗಳಂತೆ ಇದು ತಲೆಮಾರುಗಳಿಂದ ನಡೆದುಬಂದಿದೆ.

ಗಣಿತ ಗ್ರಂಥಗಳಲ್ಲಿ ಇದರ ಜಾಡು ಸಿಗುವುದು ಕಡಿಮೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಕಥೆಯ ರೂಪದ ಲೆಕ್ಕಗಳು ಹೇರಳವಾಗಿವೆ. ಆದರೆ ಅದರ ಪರಿಕರ್ಮಗಳು, ಅಂದರೆ ಮೂಲ ಲೆಕ್ಕಕ್ರಿಯೆಗಳು, ಗುಣಾಕಾರದಿಂದ ಶುರುವಾಗುತ್ತವೆ. ಅಲ್ಲಿ ಸಂಕಲಿತವೆಂದರೆ ಬರಿಯ ಕೂಡುವಿಕೆಯಲ್ಲ, ಶ್ರೇಢಿಯ ಮೊತ್ತ. ಸಾಮಾನ್ಯ ಕೂಡುವಿಕೆ, ಕಳೆಯುವಿಕೆ ಓದುಗನಿಗೆ ಆಗಲೇ ಬಾಯಲ್ಲಿವೆ ಎಂದು ಗ್ರಂಥಕಾರ ಎಣಿಸಿದಂತಿದೆ. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದವನ್ನು ಬರೆದು ಗಣಿತವನ್ನು ಕನ್ನಡಕ್ಕೆ ತಂದ.

ಬಾಯಿಲೆಕ್ಕ ಹೇಳಿಕೊಟ್ಟದ್ದು ಕೂಲಿಮಠ, ಅಂದರೆ ಹಳೆಯ ಕಾಲದ ಊರ ಶಾಲೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತೀಡಿ ಅಕ್ಷರ, ಅಂಕಿ ಕಲಿಯುತ್ತಿದ್ದರು. ಗುರುಗಳಾದ ಐಗಳ ಮುಂದೆ ಸಾಲಾಗಿ ನಿಂತು ಮಗ್ಗಿ ಒಪ್ಪಿಸುತ್ತಿದ್ದರು. ಇಡೀ ಸಂಖ್ಯೆಗಳದಷ್ಟೇ ಅಲ್ಲ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಇದ್ದವು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಸಲ್ಲಿಸಿದ ವರದಿ ಆ ಜಿಲ್ಲೆಯ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕ ಹಿಡಿದಿದೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಅದು ಮೆಚ್ಚಿ ಬರೆದಿದೆ.

ಕಣದಲ್ಲಿ ರಾಗಿ ಅಳೆಯುವವನು ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ರಾಶಿ 3 ಖಂಡುಗ 14 ಕೊಳಗ, ಇನ್ನೊಂದು 2 ಖಂಡುಗ 9 ಕೊಳಗ ಇದ್ದರೆ ಒಟ್ಟು ಎಷ್ಟು? 14ನ್ನು ಖಂಡುಗ ತುಂಬಿಸಲು 6 ಕೊಳಗ ಬೇಕು. 9ರಿಂದ 6 ತೆಗೆದು ಅಲ್ಲಿಗೆ ಕೊಟ್ಟರೆ 3 ಉಳಿಯಿತು. ಒಟ್ಟು 6 ಖಂಡುಗ 3 ಕೊಳಗ. ದುಡ್ಡಿನಲ್ಲೂ ಇದೇ ಕ್ರಮ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ರೂಪಾಯಿ ಕೊಟ್ಟು 10 ಆಣೆ 8 ಪೈ ಸಾಮಾನು ಕೊಂಡವನಿಗೆ ಅಂಗಡಿಯವನು 4 ಪೈ ಇಟ್ಟು 'ಹನ್ನೊಂದಾಣೆ' ಎಂದು, ಮೇಲೆ 5 ಆಣೆ ಇಟ್ಟರೆ ರೂಪಾಯಿ ತುಂಬಿತು. ಕಳೆಯುವ ಲೆಕ್ಕವನ್ನು ಕೂಡಿಯೇ ಮುಗಿಸುವ ಈ ತುಂಬಿಸುವ ಉಪಾಯವೇ ಬಾಯಿಲೆಕ್ಕದ ಜೀವಾಳ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಗೆಣ್ಣುಗಳನ್ನು ಎಣಿಸಿದರೂ ಸರಿಯಾಗಿ 12 ಆಗುತ್ತವೆ. ಪೈ ಲೆಕ್ಕಕ್ಕೆ ಅದು ಒದಗುತ್ತಿತ್ತು.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ಹಿಂದೆಯೇ ಕಿಲೋಗ್ರಾಂ, ಲೀಟರು. ಹನ್ನೆರಡು, ಹದಿನಾರು, ಇಪ್ಪತ್ತರ ಗುಂಪುಗಳು ಹೋಗಿ ಹತ್ತರ ಗುಂಪೊಂದೇ ಉಳಿಯಿತು. ಆದರೂ 25 ಪೈಸೆಗೆ ನಾಲ್ಕಾಣೆ ಎನ್ನುವುದು ಬಹುಕಾಲ ಮುಂದುವರಿಯಿತು.

ನಾಣ್ಯ ಬದಲಾಗುವುದಕ್ಕೂ ಬಹಳ ಮೊದಲೇ ಮೈಸೂರು ಸಂಸ್ಥಾನದಲ್ಲಿ 1868ರ ಹೋಬಳಿ ಶಾಲೆಗಳ ಯೋಜನೆಯ ನಂತರ ಸರ್ಕಾರಿ ಶಾಲೆಗಳು ಹಳ್ಳಿಗಳತ್ತ ಹರಡತೊಡಗಿದವು. ಶಾಲೆಯ ಬರಹದ ಲೆಕ್ಕದಲ್ಲಿ 500ರಿಂದ 286 ಕಳೆಯಬೇಕಾದ ಮಗು ಬಿಡಿ ಸ್ಥಾನದಿಂದ ಹೊರಡುತ್ತದೆ. ಸೊನ್ನೆಯಲ್ಲಿ ಆರು ಹೋಗದು, ಪಕ್ಕದಲ್ಲೂ ಸೊನ್ನೆ, ಹಾಗಾಗಿ ಐದರ ಹತ್ತಿರ ಕಡ. ಸಂತೆಯಲ್ಲಿ ಇದೇ ಲೆಕ್ಕ 4 ಇಟ್ಟರೆ 290, 10 ಇಟ್ಟರೆ 300, ಮೇಲೆ 200, ಒಟ್ಟು 214 ಎಂದು ಮುಗಿಯುತ್ತದೆ. ಎರಡೂ ಸರಿಯೇ. ಆದರೆ ಎರಡನೆಯದನ್ನು ಶಾಲೆ ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಇದು ದೊಡ್ಡ ನಷ್ಟ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳು ವ್ಯಾಪಾರದಲ್ಲಿ ಸರಾಗವಾಗಿ ಬಿಡಿಸಿದ ಲೆಕ್ಕವನ್ನೇ ಕಾಗದದ ಮೇಲೆ ತಪ್ಪುತ್ತಿದ್ದುದನ್ನು 1985ರ ಅಧ್ಯಯನ ತೋರಿಸಿತು. ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳ ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು. ಶಾಲೆಯಲ್ಲಿ ಜಾಣರಾದವರು ಮಾರುಕಟ್ಟೆಯ ಲೆಕ್ಕಕ್ಕೆ ತಡವರಿಸಿದ್ದನ್ನೂ ಅದು ದಾಖಲಿಸಿದೆ.

ಮಾತಿನಲ್ಲಿ ಕೊಡುವ ಹೇಳಿಕೆ ಲೆಕ್ಕಗಳಲ್ಲಿ ತೊಡಕು ಇರುವುದು ಅಂಕಿಗಿಂತ ಹೆಚ್ಚಾಗಿ ಸನ್ನಿವೇಶದಲ್ಲಿ. 'ನಮ್ಮ ತೋಟದಲ್ಲಿ 63 ಕಾಯಿ ಕಿತ್ತೆವು, ಪಕ್ಕದ ತೋಟಕ್ಕಿಂತ 17 ಹೆಚ್ಚು, ಪಕ್ಕದವರಿಗೆ ಎಷ್ಟು?' ಎಂದರೆ 'ಹೆಚ್ಚು' ಎಂಬ ಮಾತಿಗೇ ಓಗೊಟ್ಟು 80 ಎನ್ನುವ ಮಕ್ಕಳಿದ್ದಾರೆ. ಉತ್ತರ 46. 'ಮಂದೆಗೆ 8 ರಾಸು ಬಂದು ಸೇರಿ 23 ಆದವು, ಮೊದಲೆಷ್ಟಿದ್ದವು?' ಎಂಬುದೂ ಕೂಡುವ ಮಾತಿನಲ್ಲಿ ಅಡಗಿದ ಕಳೆಯುವ ಲೆಕ್ಕ. 1980ರ ದಶಕದಲ್ಲಿ ಅಮೆರಿಕದ ಥಾಮಸ್ ಕಾರ್ಪೆಂಟರ್, ಜೇಮ್ಸ್ ಮೋಸರ್ ಮೊದಲಾದವರು ಇಂಥ ಲೆಕ್ಕಗಳನ್ನು ಬದಲಾಗುವವು, ಸೇರುವವು, ಹೋಲಿಸುವವು ಎಂದು ವಿಂಗಡಿಸಿದರು. ಮಕ್ಕಳು ಮೊದಲು ಎಲ್ಲವನ್ನೂ ಎಣಿಸಿ, ಆಮೇಲೆ ಒಂದು ಸಂಖ್ಯೆಯಿಂದ ಮುಂದಕ್ಕೆ ಎಣಿಸಿ, ಕೊನೆಗೆ ಗೊತ್ತಿರುವ ಮೊತ್ತದಿಂದ ಗೊತ್ತಿಲ್ಲದ್ದನ್ನು ಕಟ್ಟಿಕೊಳ್ಳುವ ಹಂತಗಳನ್ನೂ ಅವರು ಗುರುತಿಸಿದರು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ–ಕಲಿ ಪದ್ಧತಿ ಲೆಕ್ಕವನ್ನು ಚಟುವಟಿಕೆಯ ಕಾರ್ಡುಗಳಿಗೆ ತಂದಿತು. ಸಂಖ್ಯಾರೇಖೆಯ ಮೇಲೆ 286ರಿಂದ 290ಕ್ಕೆ, 300ಕ್ಕೆ, 500ಕ್ಕೆ ಹಾರಿಸಿದರೆ ಅಂಗಡಿಯವನ ಚಿಲ್ಲರೆ ಲೆಕ್ಕವೇ ತರಗತಿಗೆ ಬಂದಂತೆ. ಈಗ ಅಂಗಡಿಗಳಲ್ಲಿ ದುಡ್ಡು ಫೋನಿನಿಂದಲೇ ಹೋಗುವುದರಿಂದ ಚಿಲ್ಲರೆ ಎಣಿಸುವ ಅಭ್ಯಾಸ ಮಕ್ಕಳಿಗೆ ಹೊರಗೆ ಸಿಗುವುದು ಕಡಿಮೆಯಾಗುತ್ತಿದೆ. ಅದನ್ನು ರೂಢಿ ಮಾಡಿಸುವ ಹೊಣೆ ಹೆಚ್ಚುಹೆಚ್ಚಾಗಿ ತರಗತಿಯ ಮೇಲೇ ಬೀಳುತ್ತಿದೆ.