ವರ್ಡ್ ಪ್ರೊಸೆಸರ್‌ಗಳಲ್ಲಿ ಪಠ್ಯಶೈಲಿಯ ಕೀಬೋರ್ಡ್ ಶಾರ್ಟ್‌ಕಟ್‌ಗಳು

ಮೌಸ್ ಮುಟ್ಟದೆ, ಕೀಲಿಗಳನ್ನಷ್ಟೇ ಒತ್ತಿ ಪಠ್ಯದ ರೂಪವನ್ನು ಬದಲಿಸುವ ಕ್ರಮವಿದು. ಇದರಲ್ಲಿ ಎರಡು ಬಗೆಗಳಿವೆ. ಆಯ್ದ ಅಕ್ಷರಗಳನ್ನು ಬೋಲ್ಡ್, ಇಟಾಲಿಕ್ ಅಥವಾ ಅಂಡರ್‌ಲೈನ್ ಮಾಡುವುದು ಮೊದಲನೆಯದು. ಒಂದು ಪ್ಯಾರಾವನ್ನು ಶೀರ್ಷಿಕೆ, ಉಪಶೀರ್ಷಿಕೆ, ಮುಖ್ಯಪಠ್ಯ ಎಂದು ಹೆಸರಿಟ್ಟ ‘ಸ್ಟೈಲ್’ಗೆ ಸೇರಿಸುವುದು ಎರಡನೆಯದು. ಮೊದಲನೆಯದು ಕಂಪ್ಯೂಟರ್ ಬಳಸುವ ಬಹುತೇಕ ಎಲ್ಲರಿಗೂ ಗೊತ್ತು. ಉದ್ದನೆಯ ಬರಹಗಳಿಗೆ ಹೆಚ್ಚು ನೆರವಾಗುವುದು ಎರಡನೆಯದು, ಆದರೆ ಅದನ್ನು ಬಳಸುವವರು ಕಡಿಮೆ.

ಇದರ ಮೂಲ ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದೆ. ಅಲ್ಲಿನ ಆಲ್ಟೊ ಕಂಪ್ಯೂಟರಿಗಾಗಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ 1974ರಲ್ಲಿ ರೂಪಿಸಿದ ಬ್ರಾವೊ ಎಂಬ ವರ್ಡ್ ಪ್ರೊಸೆಸರ್, ಅಕ್ಷರಗಳ ದಪ್ಪ ಮತ್ತು ಓರೆಯನ್ನು ಪರದೆಯ ಮೇಲೆಯೇ ತೋರಿಸುತ್ತಿತ್ತು. ಪಠ್ಯವನ್ನು ಆಯ್ದು ‘ಲುಕ್’ ಆದೇಶ ಕೊಟ್ಟು, ಬೋಲ್ಡ್‌ಗೆ ಬಿ, ಇಟಾಲಿಕ್‌ಗೆ ಐ, ಅಂಡರ್‌ಲೈನ್‌ಗೆ ಯು ಒತ್ತಿದರೆ ಸಾಕಿತ್ತು. ಹೆಸರಿನ ಮೊದಲ ಅಕ್ಷರವೇ ಕೀಲಿಯಾಗುವ ಪದ್ಧತಿ ಹೀಗೆ ಬೇರೂರಿತು. ಬ್ರಾವೊದಲ್ಲಿ ಒಂದು ದೊಡ್ಡ ತೊಡಕಿತ್ತು. ಆದೇಶ ಕೊಡುವುದು, ಟೈಪ್ ಮಾಡುವುದು ಎರಡೂ ಬೇರೆ ಬೇರೆ ಸ್ಥಿತಿಗಳು. ಆದೇಶದ ಸ್ಥಿತಿಯಲ್ಲಿರುವುದು ಮರೆತುಹೋಗಿ ಯಾರಾದರೂ ‘ಎಡಿಟ್’ ಪದದ ನಾಲ್ಕು ಅಕ್ಷರಗಳನ್ನು ಒತ್ತಿದರೆ ಇಡೀ ಕಡತ ಆಯ್ಕೆಯಾಗಿ, ಅಳಿದು, ಒಂದು ‘ಟಿ’ ಮಾತ್ರ ಉಳಿಯುತ್ತಿತ್ತು. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ 1975ರಲ್ಲಿ ಜಿನ್ ಪ್ರಕಾಶನ ಸಂಸ್ಥೆಯ ಸಂಪಾದಕರಿಗಾಗಿ ಕಟ್ಟಿದ ಜಿಪ್ಸಿ ಈ ಎರಡು ಸ್ಥಿತಿಗಳ ಭೇದವನ್ನು ತೊಡೆದುಹಾಕಿತು. ಮೊದಲು ಪಠ್ಯವನ್ನು ಆಯ್ದುಕೊ, ಆಮೇಲೆ ಆದೇಶ ಕೊಡು ಎಂಬ ಇಂದಿನ ಅಭ್ಯಾಸ ಈ ತಲೆಮಾರಿನ ಕೆಲಸದ ಫಲ.

ಮನೆ, ಕಚೇರಿಗಳಿಗೆ ಬಂದ ಅಗ್ಗದ ಯಂತ್ರಗಳಲ್ಲಿ ಇಷ್ಟು ಅನುಕೂಲವಿರಲಿಲ್ಲ. 1978ರ ವರ್ಡ್‌ಸ್ಟಾರ್ ಓಡುತ್ತಿದ್ದ ಟರ್ಮಿನಲ್‌ಗಳಲ್ಲಿ ಬಾಣದ ಕೀಲಿಗಳೂ ಇರುತ್ತವೆಂದು ನಂಬುವಂತಿರಲಿಲ್ಲ. ಹಾಗಾಗಿ ಅದನ್ನು ಬರೆದ ರಾಬ್ ಬಾರ್ನಬಿ ಎಲ್ಲ ಭಾರವನ್ನೂ ಕಂಟ್ರೋಲ್ ಕೀಲಿಯ ಮೇಲೆ ಹಾಕಿದರು. ಕಂಟ್ರೋಲ್ ಪಿ ಒತ್ತಿ ಬಳಿಕ ಬಿ ಒತ್ತಿದರೆ ಬೋಲ್ಡ್, ಎಸ್ ಒತ್ತಿದರೆ ಅಂಡರ್‌ಲೈನ್. ಪರದೆಯ ಮೇಲೆ ಗುರುತು ಮಾತ್ರ ಕಾಣುತ್ತಿತ್ತು, ದಪ್ಪ ಅಕ್ಷರವನ್ನು ನೋಡಲು ಪ್ರಿಂಟ್ ಆಗುವವರೆಗೆ ಕಾಯಬೇಕಿತ್ತು. ಬೆರಳುಗಳು ಅಕ್ಷರಗಳ ಸಾಲಿನಿಂದ ಕದಲದ ಈ ಕ್ರಮಕ್ಕೆ ಒಗ್ಗಿದವರು ಅದನ್ನು ಬಿಟ್ಟುಕೊಡಲಿಲ್ಲ. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ದಶಕಗಳ ನಂತರವೂ ವರ್ಡ್‌ಸ್ಟಾರ್‌ನಲ್ಲೇ ಬರೆಯುತ್ತಿರುವುದಾಗಿ ಹೇಳಿದ್ದಾರೆ. 1980ರ ದಶಕದಲ್ಲಿ ಮಾರುಕಟ್ಟೆಯನ್ನು ಆಳಿದ ವರ್ಡ್‌ಪರ್ಫೆಕ್ಟ್ ಫಂಕ್ಷನ್ ಕೀಲಿಗಳನ್ನು ಆರಿಸಿಕೊಂಡಿತು: ಎಫ್6 ಬೋಲ್ಡ್‌ಗೆ, ಎಫ್8 ಅಂಡರ್‌ಲೈನ್‌ಗೆ. ನೆನಪಿಟ್ಟುಕೊಳ್ಳಲು ಸುಳಿವೇ ಇಲ್ಲದ ಈ ಅಂಕಿಗಳಿಗಾಗಿ ಕೀಲಿಮಣೆಯ ಮೇಲೆ ಸೂಚನಾಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ಆಗ ವಾಡಿಕೆಯಾಗಿತ್ತು.

ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿ, ರಿಚರ್ಡ್ ಬ್ರೋಡಿ ಜೊತೆಗೂಡಿ 1983ರಲ್ಲಿ ವರ್ಡ್ ಹೊರತಂದರು. ಡಾಸ್ ಕಾರ್ಯಾಚರಣ ವ್ಯವಸ್ಥೆಯ ಆ ವರ್ಡ್‌ನಲ್ಲಿ ಆಲ್ಟ್ ಬಿ, ಆಲ್ಟ್ ಐ, ಆಲ್ಟ್ ಯು ಇದ್ದವು. ಅದಕ್ಕಿಂತ ಮಹತ್ವದ್ದು ಅದರ ಸ್ಟೈಲ್ ಶೀಟ್. ಪ್ರತಿ ಸ್ಟೈಲ್‌ಗೂ ಒಂದೆರಡು ಅಕ್ಷರದ ಸಂಕೇತ ಕೊಡಬಹುದಿತ್ತು. ಆಲ್ಟ್ ಹಿಡಿದು ಆ ಅಕ್ಷರಗಳನ್ನು ಒತ್ತಿದರೆ ಪ್ಯಾರಾದ ಫಾಂಟು, ಅಂತರ, ಅಂಚು ಎಲ್ಲವೂ ಒಂದೇ ಸಲಕ್ಕೆ ಬದಲಾಗುತ್ತಿದ್ದವು. ಸ್ಟೈಲ್ ಸಂಕೇತವೂ ಬಿ ಅಕ್ಷರದಿಂದ ಶುರುವಾದರೆ ಬೋಲ್ಡ್‌ಗೆ ನಡುವೆ ಎಕ್ಸ್ ಸೇರಿಸಿ ಒತ್ತಬೇಕಿತ್ತು, ಅಂದರೆ ಅಲ್ಲಿ ಸ್ಟೈಲ್‌ಗೇ ಮೊದಲ ಮಣೆ. ಮುಂದಿನ ವರ್ಷಗಳಲ್ಲಿ ಈ ಆದ್ಯತೆ ತಲೆಕೆಳಗಾಯಿತು. 1984ರ ಮ್ಯಾಕಿಂಟಾಷ್ ತನ್ನ ಮ್ಯಾಕ್‌ರೈಟ್‌ನಲ್ಲಿ ಕಮಾಂಡ್ ಕೀಲಿಯ ಜೊತೆ ಬಿ, ಐ, ಯು ಕೊಟ್ಟಿತು. ವಿಂಡೋಸ್ ಜಗತ್ತು ಅದನ್ನೇ ಕಂಟ್ರೋಲ್ ಕೀಲಿಗೆ ಒಗ್ಗಿಸಿಕೊಂಡಿತು. ಬಿ, ಐ, ಯು ಎಲ್ಲೆಡೆ ಒಂದೇ ಆದವು. ಆದರೂ ಭಾಷೆ ಬದಲಾದರೆ ಕೀಲಿ ಬದಲಾಗುವುದುಂಟು. ಸ್ಪ್ಯಾನಿಷ್ ವರ್ಡ್‌ನಲ್ಲಿ ಬೋಲ್ಡ್‌ಗೆ ಕಂಟ್ರೋಲ್ ಎನ್.

ಹೆಸರಿಟ್ಟ ಸ್ಟೈಲ್‌ಗಳಿಗೆ ಅಂಥ ಒಮ್ಮತ ಸಿಗಲಿಲ್ಲ. ಮೊದಲ ಹಂತದ ಶೀರ್ಷಿಕೆಗೆ ವಿಂಡೋಸ್‌ನ ವರ್ಡ್‌ನಲ್ಲೂ ಗೂಗಲ್ ಡಾಕ್ಸ್‌ನಲ್ಲೂ ಕಂಟ್ರೋಲ್, ಆಲ್ಟ್ ಜೊತೆ 1. ಲಿಬ್ರೆ ಆಫೀಸ್‌ನಲ್ಲಿ ಕಂಟ್ರೋಲ್ ಜೊತೆ 1 ಸಾಕು. ಮುಖ್ಯಪಠ್ಯಕ್ಕೆ ಮರಳಲು ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್, ಆಲ್ಟ್ ಜೊತೆ 0.

ಕನ್ನಡದಲ್ಲಿ ಈ ಶಾರ್ಟ್‌ಕಟ್‌ಗಳ ಅನುಭವವೇ ಬೇರೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ನೇರವಾಗಿ ಹಚ್ಚಿದ ಅಕ್ಷರರೂಪವನ್ನು ತೆಗೆದುಹಾಕುವ ಕಂಟ್ರೋಲ್ ಸ್ಪೇಸ್ ಅನ್ನು ಒತ್ತಿದರೆ ಕನ್ನಡ ಫಾಂಟೂ ಕಳಚಿ, ಪುಟವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತಿದ್ದವು. ಯೂನಿಕೋಡ್‌ನಿಂದ ಆ ಕಾಟ ತಪ್ಪಿತು. ಈಗಲೂ ವರ್ಡ್ ಮತ್ತು ಲಿಬ್ರೆ ಆಫೀಸ್ ಒಂದೇ ಸ್ಟೈಲ್‌ನೊಳಗೆ ಕನ್ನಡದಂಥ ಲಿಪಿಗಳಿಗೆ ಬೇರೆ ಫಾಂಟು, ಬೇರೆ ಗಾತ್ರ ಇಟ್ಟುಕೊಳ್ಳುತ್ತವೆ. ರೋಮನ್ ಲಿಪಿಯ ಭಾಗವನ್ನಷ್ಟೇ ತಿದ್ದಿದವರಿಗೆ ಕನ್ನಡ ಕದಲದೆ ನಿಂತದ್ದು ಕಂಡು ಗೊಂದಲವಾಗುವುದು ಇದರಿಂದಲೇ. ಇಟಾಲಿಕ್ ಕನ್ನಡ ಮುದ್ರಣದಲ್ಲಿ ಬೆಳೆದ ರೂಪವಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ದಪ್ಪದ ಹಲವು ಹಂತಗಳಿವೆ, ಇಟಾಲಿಕ್ ಇಲ್ಲ. ಕಂಟ್ರೋಲ್ ಐ ಒತ್ತಿದಾಗ ತಂತ್ರಾಂಶ ನೇರ ಅಕ್ಷರಗಳನ್ನೇ ವಾಲಿಸಿ ತೋರಿಸುತ್ತದೆ. ಒತ್ತಕ್ಷರಗಳಿರುವ ಸಾಲಿನಲ್ಲಿ ಅದು ಕಣ್ಣಿಗೆ ಹಿತವಲ್ಲ. ಕನ್ನಡದಲ್ಲಿ ಒತ್ತಿ ಹೇಳಲು ಬೋಲ್ಡ್ ಅಥವಾ ಉದ್ಧರಣ ಚಿಹ್ನೆಯೇ ಸರಿ.

ದಪ್ಪ ಮಾಡಿ ಗಾತ್ರ ಹಿಗ್ಗಿಸಿದ ಸಾಲು ನೋಡುವವರಿಗೆ ಶೀರ್ಷಿಕೆಯಂತೆ ಕಂಡರೂ ಕಂಪ್ಯೂಟರಿಗೆ ಅದು ಮಾಮೂಲಿ ಪಠ್ಯವೇ. ಹೆಡಿಂಗ್ ಸ್ಟೈಲ್ ಹಚ್ಚಿದರೆ ಮಾತ್ರ ಪರಿವಿಡಿ ತಾನಾಗಿ ತಯಾರಾಗುತ್ತದೆ, ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರು ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ನೇರವಾಗಿ ಹೋಗಬಹುದು. ವರ್ಡ್, ಲಿಬ್ರೆ ಆಫೀಸ್ ಎರಡರಲ್ಲೂ ಯಾವ ಸ್ಟೈಲ್‌ಗೆ ಬೇಕಾದರೂ ತಮ್ಮದೇ ಕೀಲಿ ಗೊತ್ತುಮಾಡಿಕೊಳ್ಳುವ ಅವಕಾಶವಿದೆ. ಪುಸ್ತಕ, ಸಂಶೋಧನ ಪ್ರಬಂಧ ಸಿದ್ಧಪಡಿಸುವ ಕನ್ನಡಿಗರು ಬಿ, ಐ, ಯು ಕಲಿತಷ್ಟೇ ಶ್ರದ್ಧೆಯಿಂದ ಶೀರ್ಷಿಕೆಯ ಕೀಲಿಗಳನ್ನೂ ಕಲಿಯಬೇಕು.