ಮನಸ್ಸನ್ನು ಅಳೆಯಬಹುದೆ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗ, ಜಿಗಣಿಯಲ್ಲಿ ವಾಸ. ಅಂಥ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಮೇಷ್ಟ್ರೇ, ನಮಗೇ ತಿಳಿಯದಂತೆ ನಮ್ಮೊಳಗಿರುವ ಪೂರ್ವಗ್ರಹವನ್ನು ಕಂಪ್ಯೂಟರ್ ಅಳೆಯುತ್ತದಂತೆ, ನಿಜವೆ?” ಎಂದು ಕೇಳಿದ. ಓದಿ ತಿಳಿದಷ್ಟನ್ನು ನಿಮ್ಮೆಲ್ಲರಿಗಾಗಿ ಇಲ್ಲಿ ಬರೆದಿದ್ದೇನೆ.

ನಮ್ಮ ನಾಡಿಗೆ ಈ ಅಳತೆಯ ಪ್ರಶ್ನೆ ಹೊಸದಲ್ಲ. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ ಯಾರ ಅಂತರಂಗವನ್ನೂ ಕೆದಕಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಯಾರು ಎಷ್ಟು ಮಂದಿ ಇದ್ದಾರೆಂದು ನೋಡಿತು. 7 ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೆಯ ಎರಡರಷ್ಟು ಹಿಂದುಳಿದ ವರ್ಗಗಳಿಗೆ ಸಲ್ಲಬೇಕೆಂದಿತು. ಇಂಥ ಕ್ರಮದಿಂದ ದಕ್ಷತೆ ಕುಗ್ಗುವುದೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ವರದಿ ಬರುವ ಹೊತ್ತಿಗೆ ಹುದ್ದೆ ತೊರೆದಿದ್ದರು. ತಲೆಯೆಣಿಕೆ ಅಸಮತೆಯನ್ನು ತೋರಿಸಬಲ್ಲದು. ಅದಕ್ಕೆ ಕಾರಣ ಪೂರ್ವಗ್ರಹವೋ ಓದಿನ ಅಭಾವವೋ ಎಂಬುದನ್ನು ಹೇಳಲಾರದು.

1998ರಲ್ಲಿ ಅಮೆರಿಕದ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಮನಸ್ಸಿಗೇ ಅಳತೆಗೋಲು ಹಿಡಿದರು. ಪರದೆಯ ಮೇಲೆ ಮೂಡುವ ಹೆಸರು, ಪದಗಳನ್ನು ಎರಡು ಕೀಗಳನ್ನೊತ್ತಿ ವಿಂಗಡಿಸಬೇಕು. ಒಂದು ಗುಂಪನ್ನು ಒಳ್ಳೆಯ ಪದಗಳೊಡನೆ ಕೂಡಿಸಲು ಹೆಚ್ಚು ಹಿಡಿಯುವ ಮಿಲಿಸೆಕೆಂಡುಗಳೇ ಪೂರ್ವಗ್ರಹದ ಲೆಕ್ಕ. ಸಿಕಂದರಾಬಾದಿನಲ್ಲಿ ಜನಿಸಿದ ಮಹಜರೀನ್ ಬನಾಜಿ ಇದರ ಪ್ರಮುಖ ಪ್ರತಿಪಾದಕರು. ಆದರೆ ಅದೇ ವ್ಯಕ್ತಿ ಮತ್ತೊಮ್ಮೆ ಕುಳಿತರೆ ಅಂಕ ಬದಲಾಗುತ್ತದೆ. ಅಂಕಕ್ಕೂ ನಡತೆಗೂ ಇರುವ ನಂಟು ದುರ್ಬಲವೆಂದು 2013ರಲ್ಲಿ ಫ್ರೆಡ್ ಆಸ್ವಾಲ್ಡ್ ಮತ್ತಿತರರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಾದಿಸಿದರು. ವ್ಯಕ್ತಿಯೊಬ್ಬನ ಬಗೆಗೆ ತೀರ್ಪು ಕೊಡಲು ಇದು ತಕ್ಕುದಲ್ಲವೆಂದು 2015ರಲ್ಲಿ ಗ್ರೀನ್‌ವಾಲ್ಡ್, ಬನಾಜಿ ಅವರೇ ಒಪ್ಪಿದರು. ಆದರೂ ಸಣ್ಣ ಪರಿಣಾಮಗಳು ಸಮಾಜದಲ್ಲಿ ಕೂಡಿ ದೊಡ್ಡದಾಗುತ್ತವೆ ಎಂಬ ನಿಲುವನ್ನು ಬಿಡಲಿಲ್ಲ.

ಮೇಷ್ಟರಾದ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು, ಹೆಚ್ಚು ಕಾಡಿದ್ದೂ ಬೇರೊಂದು ಪ್ರಯೋಗ. ರೆಮಾ ಹನ್ನಾ ಮತ್ತು ಲೀ ಲಿಂಡನ್ ಭಾರತದಲ್ಲೇ ನಡೆಸಿ 2012ರಲ್ಲಿ ಪ್ರಕಟಿಸಿದ್ದು. ಮಕ್ಕಳ ಉತ್ತರಪತ್ರಿಕೆಗಳ ಮೇಲುಹಾಳೆಯಲ್ಲಿ ವಯಸ್ಸು, ಲಿಂಗ, ಜಾತಿಗಳನ್ನು ಚೀಟಿಯೆತ್ತಿದಂತೆ ಮನಬಂದ ಹಾಗೆ ನಮೂದಿಸಿ ಶಿಕ್ಷಕರಿಂದ ತಿದ್ದಿಸಿದರು. ಕೆಳಜಾತಿಯೆಂದು ಬರೆದ ಪತ್ರಿಕೆಗಳಿಗೆ ಅಂಕ ತುಸು ಕಡಿಮೆ ಬಂತು: 0.03ರಿಂದ 0.08 ಪ್ರಮಾಣ ವಿಚಲನೆಯಷ್ಟು. ಹೀಗೆ ಅಂಕ ತಗ್ಗಿಸಿದವರಲ್ಲಿ ಕೆಳಜಾತಿಗಳ ಶಿಕ್ಷಕರೇ ಹೆಚ್ಚು! ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲಿ ಅಂತರ ಎದ್ದುಕಾಣುತ್ತಿತ್ತು; ಇದು ದ್ವೇಷಕ್ಕಿಂತ, ‘ಇಂಥ ಮಗು ಇಷ್ಟೇ ಬರೆದೀತು’ ಎಂಬ ಪೂರ್ವಭಾವಿ ಅಂದಾಜೆಂದು ಸಂಶೋಧಕರು ಅರ್ಥೈಸಿದರು.

ಎಸ್ಸೆಸ್ಸೆಲ್ಸಿ ಮೌಲ್ಯಮಾಪಕರ ಕಣ್ಣಿಗೆ ಹೆಸರು ಬೀಳುವುದಿಲ್ಲ. ತರಗತಿಯ ಕಿರುಪರೀಕ್ಷೆಗಳಲ್ಲಿ ಮಾತ್ರ ಹೆಸರು, ಮುಖ, ಮನೆ ಎಲ್ಲವೂ ಮೇಷ್ಟರಿಗೆ ಗೊತ್ತು.